ಹದಿನೆಂಟು ಗಂಟೆ ನೆನೆದ ಕಾಫಿ

ಮದ್ದೂರು
೧೯ ಮೇ ೨೦೨೫

ಸ್ವರೂಪ್ ಅವರಿಗೆ ನಿಮ್ಮ ಚಂದನಳ ಪ್ರೀತಿಯ ನಮಸ್ಕಾರ.

ಹೇಗಿದ್ದೀರಿ? ನಿದ್ದೆ ಬರುತ್ತಿದೆಯೇ? ಲೋಟ ಹಿಡಿಯುವಾಗ ಕೈ ನಡುಗುವುದು ಕಡಿಮೆಯಾಯಿತೇ? ಕುಡಿತ ಬಿಡಿಸುವ ಆ ಕೇಂದ್ರದಲ್ಲಿ ಫೋನು ಕೊಡುವುದಿಲ್ಲ, ಕಾಗದವಾದರೆ ತಲುಪಿಸುತ್ತೇವೆ ಎಂದರು. ಅದಕ್ಕೇ ಮದುವೆಯಾಗಿ ಏಳು ವರ್ಷಕ್ಕೆ ನಿಮಗೆ ಮೊದಲ ಕಾಗದ ಬರೆಯುತ್ತಿದ್ದೇನೆ. ಅಲ್ಲಿಯ ಊಟ ಸೇರುತ್ತಿದೆಯೋ ಇಲ್ಲವೋ ಎಂದು ಮುದ್ದೆ ಕಟ್ಟುವಾಗೆಲ್ಲ ಯೋಚನೆ. ಮಾವ ಚೆನ್ನಾಗಿದ್ದಾರೆ, ಮಂಡಿನೋವು ಮಾತ್ರ ಹಾಗೇ ಇದೆ.

ನೀವು ಹೋದಂದಿನಿಂದ ಕಾಫಿ ಹುರಿಯುವ ಮಿಷನ್ನು ನಾನೇ ಓಡಿಸುತ್ತಿದ್ದೇನೆ. ಬೀಜ ಚಟಪಟ ಅನ್ನತೊಡಗಿದರೆ ಸಾಕು, ಇಳಿಸಲೇ, ಇನ್ನೊಂದು ನಿಮಿಷ ಬಿಡಲೇ ಎಂದು ಗೊತ್ತಾಗುವುದಿಲ್ಲ. ನೀವಾದರೆ ವಾಸನೆ ಹಿಡಿದೇ ಹೇಳುತ್ತಿದ್ದಿರಿ. ಮಳವಳ್ಳಿಯ ಸಿದ್ದೇಶ್ ಹೊಸ ಅಂಗಡಿ ತೆರೆಯುತ್ತಿದ್ದಾರೆ. ಶನಿವಾರದ ಪೂಜೆಗೆ ಅರವತ್ತು ಬಾಟಲಿ ತಣ್ಣನೆಯ ಕಾಫಿ, ಅದೇ ಕೋಲ್ಡ್ ಬ್ರೂ, ಬೇಕೆಂದು ಬಂದವರು, "ಸ್ವರೂಪಣ್ಣ ಇಲ್ದೆ ಆಯ್ತದೇನಕ್ಕ?" ಅಂದರು. ಆ ಮಾತು ಚುಚ್ಚಿ, ಆಗುತ್ತದೆ ಎಂದುಬಿಟ್ಟೆ.

ಗುರುವಾರ ಪುಡಿಯನ್ನು ತಣ್ಣೀರಿನಲ್ಲಿ ನೆನೆಹಾಕಿ ಫ್ರಿಜ್ಜಿನಲ್ಲಿಟ್ಟೆ. ಹದಿನೆಂಟು ಗಂಟೆ ನೆನೆಯಬೇಕಲ್ಲ, ಅದರಲ್ಲಿ ಐದು ಗಂಟೆ ಕರೆಂಟೇ ಇರಲಿಲ್ಲ. ಶುಕ್ರವಾರ ಸೋಸಿ, ಬಾಟಲಿಗೆ ತುಂಬಿ, ರುಚಿ ನೋಡಿದೆ. ಮೊದಲ ಗುಟುಕು ಬೆಲ್ಲದ ಪಾಕದ ಹಾಗಿತ್ತು. ನುಂಗಿದ ಮೇಲೆ ನಾಲಿಗೆಯ ಅಂಚಿನಲ್ಲಿ ಸಣ್ಣ ಹುಳಿ. ಕೆಲವು ಬೀಜಕ್ಕೆ ಹುಳಿಯೇ ಗುಣ ಎಂದು ನೀವು ಹೇಳುತ್ತಿದ್ದಿರಿ. ಇದು ಗುಣವೋ, ಕೆಟ್ಟದ್ದೋ? ನಾಲ್ಕು ಸಲ ಕುಡಿದೆ, ಒಂದೊಂದು ಸಲ ಒಂದೊಂದು ಥರ ಅನ್ನಿಸಿತು. ಕೊನೆಗೆ ಮಾವನಿಗೆ ಕೊಟ್ಟೆ. ಹಾಲು, ಬೆಲ್ಲ ಇಲ್ಲದ ಕಾಫಿಯನ್ನು ಮುಟ್ಟದವರು, ಮುಖ ಕಿವುಚಿ, "ಇದೇನವ್ವಾ, ತಣ್ಣಗಿರೋ ಕಸಾಯ" ಅಂದರು. ಮತ್ತೆ ಮೂಸಿ ನೋಡಿ, "ಉಳಿ ಬಂದೈತೆ ಕಣವ್ವ. ಕೊಡ್‌ಬ್ಯಾಡ" ಅಂದರು.

ಬೇಜಾರು ಮಾಡಿಕೊಳ್ಳಬೇಡಿ, ಯುಗಾದಿ ಹೊತ್ತಿನಲ್ಲಿ ಹೀಗೇ ಆದಾಗ "ಯಾರಿಗ್ ಗೊತ್ತಾಯ್ತದೆ ಬುಡು" ಎಂದು ನೀವು ಮಂಡ್ಯದ ಹೋಟೆಲಿಗೆ ಕಳಿಸಿದ್ದು ನೆನಪಾಯಿತು. ಆ ಹೋಟೆಲಿನವರು ಮತ್ತೆ ನಮ್ಮ ಬಾಗಿಲಿಗೆ ಬರಲಿಲ್ಲ. ಒಂದು ಬಾಟಲಿ ಉಳಿಸಿ ಮಿಕ್ಕಿದ್ದನ್ನೆಲ್ಲ ಮೋರಿಗೆ ಸುರಿದೆ. ಫೋನಿನಲ್ಲಿ ವಿಷಯ ಹೇಳಿದಾಗ ಸಿದ್ದೇಶ್ "ಬಂದೋರಿಗೆ ನಾನೇನ್ ಕೊಡ್ಲಕ್ಕ?" ಎಂದು ರೇಗಿ ಕಟ್ ಮಾಡಿದರು. ಸಂಜೆ ಬೈಕಿನಲ್ಲಿ ತಾವೇ ಬಂದರು. ನಾನು ಉಳಿಸಿದ್ದ ಬಾಟಲಿ ಮುಂದಿಟ್ಟೆ. ಒಂದು ಗುಟುಕು ಕುಡಿದು, ಆಚೆ ಹೋಗಿ ಉಗಿದು ಬಂದರು. "ಇದು ಬಂದಿದ್ರೆ ತೆಗೆದ್ ದಿನವೇ ನನ್ನ ಅಂಗ್ಡಿ ಮುಚ್ತಿತ್ತು. ಪೂಜೆಗೆ ಮಜ್ಜಿಗೆ ಕೊಟ್ಕೋತೀನಿ, ಭಾನುವಾರ ಕೊಡಕ್ಕ" ಅಂದರು.

ಶನಿವಾರ ಮತ್ತೆ ನೆನೆಹಾಕಿದೆ. ಈ ಸಲ ಪಾತ್ರೆಯ ಸುತ್ತ ಐಸ್ ಗಡ್ಡೆ ಒಟ್ಟಿ, ಗಂಟೆಗೊಮ್ಮೆ ಎದ್ದು ನೋಡಿದೆ. ಭಾನುವಾರ ಕುಡಿದರೆ ಎಲ್ಲೂ ಕಚ್ಚಲಿಲ್ಲ, ಕಿತ್ತಳೆ ಸಿಪ್ಪೆಯಂಥ ಒಂದು ಘಮ ಮಾತ್ರ ಉಳಿಯಿತು. ಚೆನ್ನಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ, ಯಾರನ್ನೂ ಕೇಳಲಿಲ್ಲ. ಸಿದ್ದೇಶ್ ನಿಂತಲ್ಲೇ ಅರ್ಧ ಬಾಟಲಿ ಮುಗಿಸಿ, ಮುಂದಿನ ವಾರಕ್ಕೂ ಹೇಳಿ ಹೋದರು. ಮತ್ತೆ ಕರೆಂಟು ಹೋದರೆ ಎಂದು ಈಗಲೇ ಐಸಿಗೆ ಹೇಳಿಟ್ಟಿದ್ದೇನೆ.

ಮಾವ ಆಶೀರ್ವಾದ ಹೇಳಿದ್ದಾರೆ. ಮಾತ್ರೆ ತಪ್ಪಿಸಬೇಡಿ.

ನಿಮ್ಮ
ಚಂದನ

ಕಾಗದ ಮಡಚುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಇವತ್ತು ಬೆಳಿಗ್ಗೆ ಡಾಕ್ಟರು ಫೋನ್ ಮಾಡಿದ್ದರು. ತಿಂಗಳು ತುಂಬಿದ ಕೂಡಲೇ ಮನೆಗೆ ಕಳಿಸಿ ಎಂದು ನೀವು ಕೇಳಿದ್ದೀರಂತೆ, ಮನೆಯವರು ಏನು ಹೇಳುತ್ತೀರಿ ಎಂದರು. ಮಾವ "ಮಗನ ಮೊಕ ನೋಡ್ಬೇಕು, ಕರ್ಕೊಂಡ್ ಬಂದ್‌ಬುಡವ್ವ" ಅಂದರು. ನಾನು ಇನ್ನೂ ಎರಡು ತಿಂಗಳು ಇರಲಿ ಎಂದೆ. ಹೇಳಿದ್ದು ಡಾಕ್ಟರಲ್ಲ, ಮಾವನಲ್ಲ, ನಾನು. ಸಿಟ್ಟು ನನ್ನ ಮೇಲಿರಲಿ, ನೀವು ಮಾತ್ರ ಅಲ್ಲೇ ಇರಿ. ಭಾನುವಾರ ಭೇಟಿಗೆ ಬಿಡುತ್ತಾರಂತೆ. ನೀವು ಮುಖ ತಿರುಗಿಸಿ ಕೂತರೂ ಬರುತ್ತೇನೆ.