ಎರಡು ಹೆಸರಿನ ಒಂದೇ ಗುಳಿಗೆ

ದೇವದುರ್ಗ
ಶುಕ್ರವಾರ, 7-11-2025

ಪ್ರೀತಿಯ ತಮ್ಮ ಕೊಟ್ರೇಶನಿಗೆ ನಿನ್ನ ಅಕ್ಕ ಚನ್ನಮಲ್ಲಮ್ಮನ ಆಶೀರ್ವಾದ.

ಹೇಗಿದ್ದೀಯಪ್ಪಾ? ದಿನವೆಲ್ಲ ಅಂಗಡಿಯಲ್ಲಿ ನಿಂತು ನಿಂತು ನಿನ್ನ ಕಾಲು ಬಾಯುತ್ತಿದ್ದವಲ್ಲ, ಈಗ ಹೇಗಿವೆ? ರಾತ್ರಿ ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೋ ಎಂದು ಎಷ್ಟು ಸಲ ಹೇಳಿದ್ದೇನೆ. ಊರಿಗೆಲ್ಲ ಔಷಧಿ ಕೊಡುವವನು ತನ್ನ ಮೈ ನೋಡಿಕೊಳ್ಳುವುದಿಲ್ಲ. ನಿನ್ನ ಹೆಂಡತಿ, ಮಕ್ಕಳು ಚೆನ್ನಾಗಿದ್ದಾರೆಂದು ತಿಳಿದಿದ್ದೇನೆ. ನಮ್ಮೂರು ಮಲ್ಲಟದ ಹೊಲದಲ್ಲಿ ಭತ್ತ ಕೊಯ್ಲಿಗೆ ಬಂದಿರಬೇಕು. ಈ ಸಲವಾದರೂ ಹೊಸ ಅಕ್ಕಿಯನ್ನು ಮೊದಲು ದೇವರ ಮುಂದಿಟ್ಟು ಆಮೇಲೆ ಮಿಲ್ಲಿನವರ ಹತ್ತಿರ ಮಾತಾಡು. ನಾನು ಶಿವನ ದಯದಿಂದ ಎದ್ದು ಓಡಾಡುತ್ತಿದ್ದೇನೆ. ಮನೆ ಕೆಲಸ ಮಾಡುತ್ತೇನೆ, ಎರಡು ಹೊತ್ತು ಲಿಂಗಪೂಜೆ ಮಾಡುತ್ತೇನೆ, ನಿಮ್ಮ ಭಾವನ ಜೊತೆ ಜಗಳವನ್ನೂ ಆಡುತ್ತೇನೆ. ಸಕ್ಕರೆ ಹತೋಟಿಯಲ್ಲಿದೆ. ಇದನ್ನು ಮೊದಲೇ ಬರೆಯಬೇಕಾಯಿತು, ಯಾಕೆಂದರೆ ನೀನು ರಾಯಚೂರಿನ ಔಷಧ ನಿಯಂತ್ರಣದ ಆಫೀಸಿಗೆ ಕೊಟ್ಟ ಅರ್ಜಿಯಲ್ಲಿ ನಾನಿನ್ನೂ ಹಾಸಿಗೆ ಹಿಡಿದು ಮಲಗಿದ್ದೇನೆ.

ಹೌದು, ಆ ಅರ್ಜಿ ಓದಿದೆ. ಆಫೀಸಿನಿಂದ ನನ್ನ ಮಗಳು ಸುನಂದಾಳ ಹೆಸರಿಗೆ ಬಂದ ನೋಟಿಸಿನ ಜೊತೆ ಅದರ ನಕಲು ಇತ್ತು. ‘ಚನ್ನಮಲ್ಲಮ್ಮ ಎಂಬುವವರು ಸದರಿ ಅಂಗಡಿಯ ಕಳಪೆ ಗುಳಿಗೆ ಸೇವಿಸಿ ಪ್ರಾಣಾಪಾಯಕ್ಕೆ ತುತ್ತಾಗಿದ್ದು’ ಎಂದು ಬರೆಸಿದ್ದೀ. ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಮಲ್ಲಟದ ಓಣಿಯೆಲ್ಲ ಸುತ್ತಿದ ನಾನು ಈಗ ‘ಎಂಬುವವರು’ ಆದೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಅಕ್ಕಾ’ ಎಂದರೆ ಸಾಕು, ನನಗೆ ಅಳು ಬರುತ್ತದೆ, ನೀನು ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತೇನೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಏಳನೇ ಇಯತ್ತೆ ಓದಿದವಳ ಅಕ್ಷರ, ತಪ್ಪಿದ್ದರೆ ತಿದ್ದಿ ಓದು. ಆದರೆ ಪೂರಾ ಓದು.

ಸುನಂದಾ ಔಷಧಿಯ ಕೆಲಸ ಕಲಿತದ್ದು ನಿನ್ನಲ್ಲೇ. ನೀನು ಅದನ್ನು ಹೇಳಿಕೊಳ್ಳುತ್ತೀ, ನಾನೂ ಇಲ್ಲವೆನ್ನುವುದಿಲ್ಲ. ಶಾಲೆಯ ರಜೆಯಲ್ಲಿ ಮಾನ್ವಿಗೆ ಬಂದರೆ ನಿನ್ನ ಅಂಗಡಿಯ ಕಪಾಟು ಒರೆಸುತ್ತ, ಡಾಕ್ಟರ ಚೀಟಿ ಓದುವುದನ್ನು ಕಲಿತಳು. ಸ್ಟ್ರಿಪ್ಪಿನಿಂದ ಎರಡೇ ಗುಳಿಗೆ ಕತ್ತರಿಸಿ ಕೊಡುವಾಗ, ಅವಧಿ ಮುಗಿಯುವ ತಾರೀಖು ಅಚ್ಚಾದ ತುದಿಯನ್ನು ಕೊನೆತನಕ ಉಳಿಸಬೇಕು ಎಂದು ಹೇಳಿಕೊಟ್ಟವನು ನೀನು. ಅವಳು ಫಾರ್ಮಸಿ ಓದಿ ದೇವದುರ್ಗದಲ್ಲಿ ಅಗ್ಗದ ಔಷಧಿಯ ಅಂಗಡಿ ತೆಗೆದಾಗ ಮೊದಲ ತೆಂಗಿನಕಾಯಿ ಒಡೆದವನೂ ನೀನೇ. ‘ನಡೀಲಿ ಬಿಡಕ್ಕ, ಆರು ತಿಂಗಳು ಆಡಿ ಬರ್ತಾಳ’ ಎಂದು ನಕ್ಕೆ. ಆರು ತಿಂಗಳಲ್ಲ, ಮೂರು ವರ್ಷ ಆಯಿತು. ಮೊದಮೊದಲು ಜನ ಗುಳಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇಷ್ಟು ಅಗ್ಗ ಅದ ಅಂದ್ರ ಇದರಾಗ ಸುಣ್ಣ ಅಷ್ಟ ಇರ್ತದೇನು’ ಎನ್ನುತ್ತಿದ್ದರು. ಮಸರಕಲ್ಲಿನ ಹನುಮಂತಮ್ಮ ಗೊತ್ತಲ್ಲ, ನಮಗೆ ಮೊಸರು ಹಾಕುವವಳು, ಅವಳು ಬಿ.ಪಿ. ಗುಳಿಗೆಯನ್ನು ಸೋಮವಾರ ಮತ್ತು ಗುರುವಾರ ಮಾತ್ರ ನುಂಗುತ್ತಿದ್ದಳು. ಯಾಕೆಂದು ಸುನಂದಾ ಕೇಳಿದರೆ, ‘ದಿನಾ ನುಂಗಾಕ ನಾ ಏನ್ ಗೌಡ್ರ ಮನಿ ಸೊಸಿಯೇನು’ ಎಂದಳಂತೆ. ಅಂಥವಳು ಈಗ ದಿನಾ ನುಂಗುತ್ತಾಳೆ. ಬೆಲೆಯ ಲೆಕ್ಕ ನಾನು ಬರೆಯುವುದಿಲ್ಲ. ನಿನ್ನಲ್ಲಿ ಎಷ್ಟು, ಇಲ್ಲಿ ಎಷ್ಟು ಎಂಬುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಮಾನ್ವಿಯ ಜನ ಬಸ್ಸು ಹತ್ತಿ ಇಲ್ಲಿಗೆ ಬರತೊಡಗಿದರು, ‘ಮಾವನ ಊರಾಗೂ ಒಂದು ಅಂಗಡಿ ತೆಗೀತೀನವ್ವಾ’ ಎಂದು ಸುನಂದಾ ಹೇಳಿದಳು. ಆವತ್ತಿನಿಂದ ನಿನ್ನ ನಗೆ ಹೋಯಿತು.

ಈಗ ನನ್ನ ತಪ್ಪು ಬರೆಯುತ್ತೇನೆ. ನನಗೆ ಸಕ್ಕರೆ ಕಾಯಿಲೆ ಬಂದಾಗಿನಿಂದ ತಿಂಗಳು ತಿಂಗಳು ನೀನು ಗುಳಿಗೆ ಕಳಿಸುತ್ತಾ ಬಂದೆ, ಒಂದು ತಿಂಗಳೂ ತಪ್ಪಿಸಲಿಲ್ಲ. ಹಿಂದೆಲ್ಲ ಸುನಂದಾ ಅದನ್ನೇ ನುಂಗಲು ಬಿಟ್ಟಿದ್ದಳು, ಮಾವ ಪ್ರೀತಿಯಿಂದ ಕಳಿಸುವುದು ಎಂದು. ದಸರೆಯ ಹೊತ್ತಿಗೆ ಮಾನ್ವಿ ಅಂಗಡಿಯ ಮಾತು ಬಂದು ನಿಮ್ಮಿಬ್ಬರ ನಡುವೆ ಬಿರುಸಾಯಿತಲ್ಲ, ಆಗ ಅವಳು ತನ್ನ ಅಂಗಡಿಯ ಗುಳಿಗೆ ತಂದುಕೊಟ್ಟಳು. ‘ಯವ್ವಾ, ಇದೂ ಮಾವ ಕಳಸೂದೂ ಒಂದ ಔಷಧ. ಹೆಸರು ಬ್ಯಾರೆ ಅಷ್ಟ. ಇನ್ನ ಇದನ್ನ ನುಂಗು, ಅದನ್ನ ಬಿಡು’ ಎಂದಳು. ನಾನು ಹೂಂ ಎಂದೆ. ಆದರೆ ನೀನು ಕಳಿಸುವುದು ನಿಲ್ಲಿಸಲಿಲ್ಲ, ಬೇಡ ಎನ್ನಲು ನನಗೂ ಬಾಯಿ ಬರಲಿಲ್ಲ. ತವರಿನಿಂದ ಬಂದದ್ದನ್ನು ಬಿಸಾಡುವುದು ಹೇಗೆ? ಅರಿಶಿನ ಕುಂಕುಮ ಬಿಸಾಡುತ್ತಾರೆಯೇ, ಕುಪ್ಪಸದ ಖಣ ಬಿಸಾಡುತ್ತಾರೆಯೇ? ನಿನ್ನ ಗುಳಿಗೆಗಳನ್ನು ದೇವರ ಮಾಡದಲ್ಲಿ ವಿಭೂತಿ ಡಬ್ಬಿಯ ಹಿಂದೆ ಇಟ್ಟೆ. ಬೆಳಿಗ್ಗೆ ಪೂಜೆ ಮುಗಿಸಿ ನಿನ್ನದೊಂದು ನುಂಗುತ್ತಿದ್ದೆ, ಅಡುಗೆಮನೆಗೆ ಬಂದು ಅವಳದೊಂದು ನುಂಗುತ್ತಿದ್ದೆ. ತಮ್ಮನಿಗೂ ಬೇಸರವಿಲ್ಲ, ಮಗಳಿಗೂ ಬೇಸರವಿಲ್ಲ ಎಂದು ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಮೂರು ವಾರ ಹೀಗೇ ನಡೆಸಿದೆ. ನಡುನಡುವೆ ಬೆವರು, ಕೈನಡುಕ ಬರುತ್ತಿತ್ತು. ಬಿಸಿಲು ಎಂದುಕೊಂಡೆ.

ಕಾರ್ತಿಕದ ಮೊದಲ ಸೋಮವಾರ ಉಪವಾಸ ಮಾಡಿದೆ. ಗುಳಿಗೆ ಅನ್ನವಲ್ಲ, ಅದರಿಂದ ಉಪವಾಸ ಕೆಡುವುದಿಲ್ಲ ಎಂದು ಎರಡೂ ನುಂಗಿದೆ. ಸಂಜೆ ಗುಡಿಯಲ್ಲಿ ದೀಪ ಹಚ್ಚಲು ಸಾಲಿನಲ್ಲಿ ನಿಂತವಳಿಗೆ ದೀಪಗಳೆಲ್ಲ ಒಂದಕ್ಕೆ ನಾಲ್ಕಾಗಿ ಕಂಡವು. ಆಮೇಲೆ ಏನೂ ಗೊತ್ತಿಲ್ಲ. ಗುಡಿಯ ಎದುರಿಗೆ ಬಳೆ ಮಾರುವ ಮಹಬೂಬೀ ಓಡಿಬಂದು ನನ್ನ ಬೆವರು ನೋಡಿದ ಕೂಡಲೇ ಚಹಾದ ಸಕ್ಕರೆಯನ್ನು ವಸಡಿಗೆ ತಿಕ್ಕಿದಳಂತೆ. ಅವಳ ಗಂಡನಿಗೂ ಇದೇ ಕಾಯಿಲೆ, ಅವಳಿಗೆ ಗುರುತು ಗೊತ್ತು. ಕಣ್ಣು ಬಿಟ್ಟಾಗ, ‘ಏ ಅಕ್ಕಾ, ನಿಮ್ಮ ಶಿವನ ಮುಂದ ನಮ್ಮ ಸಕ್ಕರಿ ತಿನಿಸಿ ಉಪವಾಸ ಕೆಡಿಸೇನಿ, ಬೈಬ್ಯಾಡ’ ಎಂದಳು. ಶಿವ ಬೈಯಲಿಲ್ಲ. ಬೈದವರು ಊರಿನವರು. ‘ಮಗಳ ಅಗ್ಗದ ಗುಳಿಗಿ ನುಂಗಿ ತಾಯೀನ ಬಿದ್ಲು ನೋಡ್ರಿ’ ಎಂಬ ಮಾತು ನನ್ನನ್ನು ಆಸ್ಪತ್ರೆಗೆ ಒಯ್ದ ಆಟೋಕ್ಕಿಂತ ಮೊದಲೇ ಓಡಿತು.

ಮರುದಿನ ಮಧ್ಯಾಹ್ನ ನೀನು ಬಂದೆ. ಅತ್ತೆ. ಆ ಅಳು ಸುಳ್ಳೆಂದು ನಾನು ಯಾವತ್ತೂ ಹೇಳುವುದಿಲ್ಲ. ಆಮೇಲೆ ವಾರ್ಡಿನ ಜನರ ಎದುರಿಗೇ ಸುನಂದಾಳ ಕಡೆ ಬೆರಳು ಮಾಡಿ, ‘ನನ್ನ ಅಂಗಡಿ ಧೂಳ ಒರಸಿದಾಕಿ, ಇವತ್ತ ನಮ್ಮಕ್ಕನ್ನ ಕೊಲ್ಲಾಕ ನಿಂತಾಳ’ ಎಂದೆ. ಡಾಕ್ಟರು ಬಂದು ಯಾವ ಗುಳಿಗೆ ನುಂಗುತ್ತಿದ್ದೀರಿ ಎಂದು ಕೇಳಿದರು. ‘ಮಗಳು ಕೊಟ್ಟದ್ದರೀ’ ಎಂದೆ. ಸುಳ್ಳಲ್ಲ, ಆದರೆ ಅರ್ಧ. ನೀನು ಎದುರು ನಿಂತಿದ್ದೆ, ನಾಲ್ಕು ಜನರ ಮುಂದೆ ತವರಿನ ಹೆಸರು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಆ ಅರ್ಧ ಮಾತನ್ನೇ ಹಿಡಿದು ನೀನು ಅರ್ಜಿ ಬರೆಸಿದೆ, ಲೈಸೆನ್ಸು ರದ್ದು ಮಾಡಿ ಎಂದು. ತಮ್ಮನ ಮಾನ ಉಳಿಸಲು ಹೋಗಿ ಮಗಳನ್ನು ಅಪರಾಧಿ ಮಾಡಿದವಳು ನಾನು. ಈ ಪಾಪ ನಿನ್ನ ತಲೆಗೆ ಕಟ್ಟುವುದಿಲ್ಲ, ನನ್ನದೇ.

ಮನೆಗೆ ಬಂದ ಮೇಲೆ ವಾರದ ತನಕ ಬಾಯಿ ಮುಚ್ಚಿಕೊಂಡೇ ಇದ್ದೆ. ಕಣ್ಣೆದುರಿಗೇ ಜನ ಅಂಗಡಿಗೆ ಗುಳಿಗೆ ವಾಪಸು ತಂದು ಮೇಜಿನ ಮೇಲೆ ಒಗೆದು ಹೋಗುತ್ತಿದ್ದರು. ಸುನಂದಾ ನಾನು ನುಂಗಿದ ಗುಳಿಗೆಯ ಬ್ಯಾಚನ್ನು ಪೂರಾ ತೆಗೆದು ಬೇರೆ ಡಬ್ಬಿಯಲ್ಲಿಟ್ಟು, ಮಾರಾಟಕ್ಕಿಲ್ಲ ಎಂದು ಚೀಟಿ ಅಂಟಿಸಿದಳು. ತನ್ನ ಔಷಧಿಯ ಮೇಲೆ ತಾನೇ ಸಂಶಯಪಟ್ಟಳು, ತಾಯಿಯ ಮೇಲೆ ಪಡಲಿಲ್ಲ. ನೋಟಿಸು ಬಂದ ದಿನ, ‘ಬೋರ್ಡ್ ಇಳಸ್ತೀನವ್ವಾ, ಬೇಕಾದಷ್ಟಾತು. ಯಾರದರ ಮನ್ಯಾಗ ಜೀವ ಹೋಗೂದು ಬ್ಯಾಡ’ ಎಂದಳು. ಆಗ ನನ್ನಿಂದ ಆಗಲಿಲ್ಲ. ದೇವರ ಮಾಡಕ್ಕೆ ಕೈ ಹಾಕಿ ನಿನ್ನ ಗುಳಿಗೆಗಳನ್ನು ತಂದು ಅವಳ ಮಡಿಲಿಗೆ ಸುರಿದೆ. ಕೂಗಾಡುತ್ತಾಳೆ ಎಂದುಕೊಂಡೆ. ಕೂಗಾಡಲಿಲ್ಲ. ನಿನ್ನ ಸ್ಟ್ರಿಪ್ಪು, ಅವಳ ಸ್ಟ್ರಿಪ್ಪು ಎರಡನ್ನೂ ಊಟದ ತಾಟಿನಲ್ಲಿ ಜೋಡಿಸಿಟ್ಟು, ‘ಓದವ್ವಾ’ ಎಂದಳು. ದೊಡ್ಡ ಅಕ್ಷರ ಬೇಡ, ಅದರ ಕೆಳಗಿನ ಸಣ್ಣ ಅಕ್ಷರ ಓದು ಎಂದಳು. ನನಗೆ ಇಂಗ್ಲಿಷು ಎಬಿಸಿಡಿ ಬಿಟ್ಟರೆ ಬಾರದು. ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ಶಾಲೆಯಲ್ಲಿ ಮಗ್ಗಿ ಒಪ್ಪಿಸಿದಂತೆ ಗಟ್ಟಿಯಾಗಿ ಓದಿದೆ. ಅದರಲ್ಲೂ ಅದೇ ಅಕ್ಷರ, ಇದರಲ್ಲೂ ಅದೇ ಅಕ್ಷರ. ಮಿಲಿಗ್ರಾಮೂ ಅದೇ. ಪಡಸಾಲೆಯಲ್ಲಿ ಕೂತಿದ್ದ ನಿಮ್ಮ ಭಾವ, ‘ಅಕ್ಕ ತಮ್ಮನ ನಡುವ ನಾ ಬರೂದಿಲ್ಲ. ಆದ್ರ ಮೂವತ್ತು ವರ್ಷದಾಗ ನೀ ಒಂದು ಮಾತು ಪೂರಾ ಕೇಳಿದ್ದು ಇವತ್ತ ನೋಡು’ ಎಂದರು.

ನಿನ್ನೆ ಹನುಮಂತಮ್ಮ ಕೂಡ ಗುಳಿಗೆ ವಾಪಸು ಕೊಡಲು ಬಂದಳು. ನಾನೇ ಅವಳನ್ನು ಅಂಗಡಿಯ ಕಟ್ಟೆಯ ಮೇಲೆ ಕೂರಿಸಿ, ‘ಮನ್ಯಾಗ ಇರೂ ಗುಳಿಗಿ ಎಲ್ಲಾ ತಂದೀಯೇನು’ ಎಂದೆ. ಸೆರಗಿನ ಗಂಟು ಬಿಚ್ಚಿದಳು. ರಾಯಚೂರಿನ ಡಾಕ್ಟರು ಬರೆದದ್ದು ಒಂದು, ಮಗಳ ಮನೆಗೆ ಹೋದಾಗ ಮಾನ್ವಿಯಲ್ಲಿ ಕೊಂಡದ್ದು ಒಂದು, ಸುನಂದಾ ಕೊಟ್ಟದ್ದು ಒಂದು. ಸಣ್ಣ ಅಕ್ಷರ ಓದಿದೆ. ಕೊಟ್ರೇಶಿ, ಒಂದೇ ಔಷಧಿ, ಮೂರು ಹೆಸರು. ‘ಅದಕ್ಕ ತಲಿ ತಿರಗ್ತಿತ್ತೇನು! ನಾ ಮೂರು ರೋಗ ಅದಾವ ಅಂತ ತಿಳಕೊಂಡಿದ್ನೆಲ್ಲ’ ಎಂದು ಅವಳು ಹಣೆ ಬಡಿದುಕೊಂಡಳು. ಸುನಂದಾ ಕೂಡಲೇ ಅವಳ ಡಾಕ್ಟರಿಗೆ ಫೋನು ಮಾಡಿ ಕೇಳಿ, ಒಂದನ್ನು ಉಳಿಸಿ ಎರಡನ್ನು ತೆಗೆದಿಟ್ಟಳು. ಗುಳಿಗೆ ಎಲ್ಲಿಂದ ಬಂತು, ಬೆಲೆ ಹೆಚ್ಚೋ ಕಡಿಮೆಯೋ, ರೋಗಕ್ಕೆ ಅದು ಗೊತ್ತಾಗುವುದಿಲ್ಲ. ಹೆಸರು ನಂಬಿ ನುಂಗುವವರು ನಾವು, ನಮಗೆ ಓದಿ ಹೇಳುವವರು ಬೇಕು. ನನ್ನ ಮಗಳು ಮಾಡುತ್ತಿರುವುದು ಅದನ್ನೇ. ಅದನ್ನು ಮುಚ್ಚಿಸಲು ನನ್ನ ಹೆಸರು ಬಳಸಿದ್ದೀಯಲ್ಲ, ಆ ಹೆಸರನ್ನು ನಾನು ವಾಪಸು ತೆಗೆದುಕೊಳ್ಳುತ್ತಿದ್ದೇನೆ.

ಬರುವ ಬುಧವಾರ ರಾಯಚೂರಿನಲ್ಲಿ ವಿಚಾರಣೆ ಇದೆ. ನಿನ್ನನ್ನೂ ಕರೆದಿದ್ದಾರೆ. ನನ್ನನ್ನು ಯಾರೂ ಕರೆದಿಲ್ಲ, ಆದರೂ ನಾನು ಬರುತ್ತೇನೆ. ಹಾಸಿಗೆ ಹಿಡಿದ ‘ಎಂಬುವವರು’ ಬಸ್ಸಿನಿಂದ ಇಳಿದು ಮೆಟ್ಟಿಲು ಹತ್ತುವುದನ್ನು ಸಾಹೇಬರು ಕಣ್ಣಾರೆ ನೋಡಲಿ. ಎರಡು ಸ್ಟ್ರಿಪ್ಪುಗಳನ್ನೂ ಅವರ ಮೇಜಿನ ಮೇಲಿಟ್ಟು, ಎರಡನ್ನೂ ನುಂಗಿದವಳು ನಾನೇ, ಮಗಳು ಬೇಡವೆಂದಿದ್ದಳು ಎಂದು ಹೇಳುತ್ತೇನೆ. ಊರಿನವರು ನಕ್ಕರೆ ನಗಲಿ. ತವರು ಮುರಿದಳು ಎಂದರೆ ಎನ್ನಲಿ. ನನ್ನ ಕೊರಳಲ್ಲಿ ಲಿಂಗವಿದೆ, ಅದನ್ನು ಅಂಗೈಯಲ್ಲಿ ಹಿಡಿದು ಕೂತಾಗ ಅರ್ಧ ಮಾತು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ನನ್ನಿಂದ ಇನ್ನು ಆಗುವುದಿಲ್ಲ. ಇನ್ನೊಂದು ಮಾತು. ಮಾನ್ವಿಯ ಅಂಗಡಿ ತೆಗೆಯುವುದು ತೆಗೆಯುವುದೇ. ಸುನಂದಾ ಹಿಂಜರಿದಳು, ಇನ್ನೊಂದು ವರ್ಷ ನೋಡೋಣ ಎಂದಳು. ಬಸ್‌ಸ್ಟ್ಯಾಂಡಿನ ಹತ್ತಿರದ ಜಾಗ ಗೊತ್ತು ಮಾಡು ಎಂದು ನಾನೇ ಹೇಳಿದೆ. ನಿನ್ನ ಹೊಟ್ಟೆಯ ಮೇಲೆ ಹೊಡೆಯಲು ಅಲ್ಲ. ಮಾನ್ವಿ ದೊಡ್ಡ ಊರು, ನಿನ್ನ ಗಿರಾಕಿ ನಿನಗಿರುತ್ತಾರೆ. ದಿನಾ ನುಂಗಬೇಕಾದ್ದನ್ನು ವಾರಕ್ಕೆ ಎರಡು ಸಲ ನುಂಗುವವರು ಆ ಊರಿನಲ್ಲೂ ಇದ್ದಾರೆ, ಅವರು ನಿನ್ನ ಅಂಗಡಿಯ ಮೆಟ್ಟಿಲು ಯಾವತ್ತೂ ಹತ್ತಿದವರಲ್ಲ.

ಮಕ್ಕಳಿಗೆ ನನ್ನ ಮುದ್ದು ಹೇಳು, ನಿನ್ನ ಹೆಂಡತಿಗೆ ಕೇಳಿದೆ ಎಂದು ಹೇಳು. ಕಾಲು ಬಾಯುವುದಕ್ಕೆ ಉಪ್ಪುನೀರಿನ ಕಾವು ಕೊಟ್ಟುಕೋ. ಶಿವ ನಿನಗೆ ಆಯುಷ್ಯ ಕೊಡಲಿ, ನೆಟ್ಟಗಿನ ಬುದ್ಧಿಯನ್ನೂ ಕೊಡಲಿ.

ಇಂತಿ ನಿನ್ನ ಒಡಹುಟ್ಟಿದ ಅಕ್ಕ,
ಚನ್ನಮಲ್ಲಮ್ಮ

ತಾ.ಕ.: ಮೆಣಸಿನಕಾಯಿ ವ್ಯಾಪಾರದ ಸತ್ತಾರ್ ಸಾಬರು ಮಾನ್ವಿಗೆ ಹೊರಟಿದ್ದಾರೆ, ಕಾಗದ ಒಯ್ಯಲು ಬಾಗಿಲಲ್ಲೇ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಆಸ್ಪತ್ರೆಯಲ್ಲಿ ಡಾಕ್ಟರು ಆಚೆ ಹೋದ ಮೇಲೆ ನಾನು ಕಣ್ಣು ಮುಚ್ಚಿದ್ದೆ, ಆದರೆ ನಿದ್ದೆ ಬಂದಿರಲಿಲ್ಲ. ನಾನು ಗುಡಿಗೆ ಒಯ್ದಿದ್ದ ಪೂಜೆಯ ಚೀಲ ತಲೆದಿಂಬಿನ ಹತ್ತಿರವಿತ್ತು, ನೀನು ಅದನ್ನು ಬಿಚ್ಚಿದೆ. ವಿಭೂತಿ ಡಬ್ಬಿಯ ಜೊತೆ ಸೇರಿ ಬಂದಿದ್ದ ನಿನ್ನ ಅಂಗಡಿಯ ಸ್ಟ್ರಿಪ್ಪು ಅದರಲ್ಲಿತ್ತು, ಅರ್ಧ ಖಾಲಿ. ಅದನ್ನು ತಿರುಗಿಸಿ ನೋಡಿದೆ, ಸುನಂದಾ ನಿಂತ ಕಡೆ ನೋಡಿದೆ, ಆಮೇಲೆ ಅಂಗಿಯ ಜೇಬಿಗೆ ಹಾಕಿಕೊಂಡೆ. ನೀನು ಔಷಧಿ ಓದಿದವನು, ನಾನು ಯಾಕೆ ಬಿದ್ದೆನೆಂದು ನಿನಗೆ ಆ ಗಳಿಗೆಯಲ್ಲೇ ತಿಳಿಯಿತು. ಅರ್ಜಿ ಕೊಟ್ಟದ್ದು ಅದಾಗಿ ಎರಡು ದಿನಕ್ಕೆ. ಇದನ್ನು ಸುನಂದಾಳಿಗೂ ಹೇಳಿಲ್ಲ, ನಿಮ್ಮ ಭಾವನಿಗೂ ಹೇಳಿಲ್ಲ. ಬುಧವಾರ ಹನ್ನೊಂದು ಗಂಟೆಗೆ ಹೆಸರು ಕೂಗುತ್ತಾರೆ. ನಾನು ಹತ್ತಕ್ಕೇ ಬಂದು ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಅಷ್ಟರೊಳಗೆ ನೀನು ಒಳಗೆ ಹೋಗಿ ನಿನ್ನ ಬಾಯಿಂದ ನೀನೇ ಹೇಳಿದರೆ, ನಾನು ಎದ್ದು ಬಸ್ಸು ಹತ್ತುತ್ತೇನೆ. ಹೇಳದಿದ್ದರೆ ನಾನು ಹೇಳುತ್ತೇನೆ, ಜೇಬಿನದೂ ಸೇರಿಸಿ.