ಅಜ್ಜಿಗೆ ತಪ್ಪು ಹೇಳಿದ ಗಂಟೆ

ಕಲೀನಾ,

ಅಜ್ಜಿ ಈ ರಾತ್ರಿ ದಾಟುವುದು ಕಷ್ಟವೆಂದು ವೈದ್ಯರು ಹೇಳಿದ್ದಾರೆ. ನಾನು ವಿಮಾನ ನಿಲ್ದಾಣಕ್ಕೆ ಹೊರಟೆ. ಬೀಟ್‌ರೂಟ್ ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೋ. ಹಿಂಬಾಗಿಲ ಚಿಲಕವನ್ನು ಎರಡು ಸಲ ನೋಡು.

ಡಬ್ಲಿನ್‌ನಿಂದ ಅಜ್ಜಿಯ ಕ್ರಾಕೋವ್‌ಗೆ ಸುಮಾರು ಸಾವಿರದ ಎಂಟುನೂರು ಕಿಲೋಮೀಟರು, ಮೂರು ಗಂಟೆಗೆ ಹತ್ತು ನಿಮಿಷ ಕಡಿಮೆ ಹಾರಾಟ. ನಾನು ಇಳಿಯುವಾಗ ಇಲ್ಲಿ ಸಂಜೆ ಆರು, ಅಲ್ಲಿ ಏಳು. ನಿನ್ನ ಅಪ್ಪ ಬೆಳಿಗ್ಗೆ ಫೋನಿನಲ್ಲಿ ಅಜ್ಜಿಗೆ, "ಅತ್ತೆ, ಅವಳು ಆರಕ್ಕೆ ಇಳೀತಾಳೆ" ಎಂದುಬಿಟ್ಟರು. ಹದಿನಾಲ್ಕು ವರ್ಷ ಇಲ್ಲಿದ್ದೂ ಆ ಒಂದು ಗಂಟೆಯ ವ್ಯತ್ಯಾಸ ಅವರ ತಲೆಗೆ ಹೋಗಿಲ್ಲ. ಅಜ್ಜಿ ಗೋಡೆ ಗಡಿಯಾರ ನೋಡುತ್ತ ಮಲಗಿದ್ದಾಳೆ. ಕೊನೆಗಳಿಗೆಯಲ್ಲಿ ಕೈಗಿಡುವ ಮೇಣದ ಬತ್ತಿ ನನ್ನ ಚೀಲದಲ್ಲಿದೆ. ಬೇರೆ ಬತ್ತಿ ಹಚ್ಚಬೇಡಿ ಎಂದಿದ್ದಾಳಂತೆ.

ಏಳಾಗುತ್ತದೆ ಎಂದು ಅವಳ ಪಕ್ಕದಲ್ಲೇ ಇರುವ ನನ್ನ ತಮ್ಮ, ನಿನ್ನ ಜೆನೊನ್ ಮಾವ, ಹೇಳಿದ್ದಕ್ಕೆ, "ಸುಮ್ನಿರೋ, ಹುಟ್ಟಿದಾಗಿಂದ ನಿಂದು ಬರೀ ಬೆಣ್ಣೆ ಮಾತು. ಅವಳು ಬರೋದಿಲ್ಲ ಅಂತ ನೇರವಾಗಿ ಹೇಳು" ಎಂದು ಗದರಿದಳಂತೆ. ನಿನ್ನನ್ನಾದರೆ ನಂಬುತ್ತಾಳೆ.

ನಮ್ಮ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿರುವಾಗ, ಅಂದರೆ ಅಲ್ಲಿ ಆರು ಹೊಡೆಯುವ ಮೊದಲೇ, ಮಾವನಿಗೆ ಕರೆ ಮಾಡಿ, ಫೋನನ್ನು ಅಜ್ಜಿಯ ಕಿವಿಗೆ ಹಿಡಿಯಲು ಹೇಳು. ಆಗ ನಾನು ಆಕಾಶದಲ್ಲಿರುತ್ತೇನೆ, ನನ್ನ ಫೋನ್ ಆಫ್ ಆಗಿರುತ್ತದೆ. ನಿನ್ನ ಪೋಲಿಷ್ ತಪ್ಪಾದರೆ ಆಗಲಿ. ಅಮ್ಮ ಹೊರಟಾಗಿದೆ, ಅಪ್ಪ ಗಂಟೆ ತಪ್ಪು ಹೇಳಿದರು ಎನ್ನು.

ಅವಳು ಉತ್ತರ ಕೊಡದಿದ್ದರೂ ಫೋನ್ ಇಡಬೇಡ. ಕಿವಿ ಕೊನೆಯವರೆಗೂ ಕೇಳುತ್ತದಂತೆ. ನಾನು ತಲುಪುವ ತನಕ ಏನಾದರೂ ಮಾತಾಡುತ್ತಲೇ ಇರು.

ಅಮ್ಮ