ಯಾರಿಗೂ ಬೇಡದ ಬಣ್ಣ

ಮಾರ್ಚ್ ೧೧, ಮಂಗಳವಾರ

ಈ ಶಾಲೂ ನನ್ನದಾಗಲಿಲ್ಲ.

ಹೋದ ತಿಂಗಳು ಬೇಕೆಂದೇ ಪಾಚಿ ಬಣ್ಣದ ಉಲ್ಲನ್ ಆರಿಸಿದ್ದೆ. "ಇದನ್ನ ಯಾರೂ ತಗೊಳ್ಳಲ್ಲಮ್ಮ" ಎಂದು ಅಂಗಡಿಯವನೇ ಎಚ್ಚರಿಸಿದ್ದ. ನನಗೆ ಬೇಕಾದದ್ದೂ ಅದೇ. ನೀಲಿ ಸ್ವೆಟರ್ ಇವರ ಪಾಲಾಯಿತು, ಕೆಂಪು ಟೋಪಿ ನಾದಿನಿಯ ಮಗುವಿಗೆ ಹೋಯಿತು, ಬಿಳಿ ಮಫ್ಲರ್ ಮಾವನ ಕೊರಳು ಸೇರಿತು. ಈ ಮನೆಯಲ್ಲಿ ನನ್ನದು ಅಂತ ಇರುವುದು ಪಾತ್ರೆ ತೊಳೆದ ಮೇಲಿನ ಅರ್ಧ ಗಂಟೆ ಮತ್ತು ಎರಡು ಹೆಣಿಗೆ ಕಡ್ಡಿ. ಕುಣಿಕೆಯ ಮೇಲೆ ಕುಣಿಕೆ ಏರುವಷ್ಟು ಹೊತ್ತು ನಾನು ಯಾರ ಸೊಸೆಯೂ ಅಲ್ಲ.

ಇವತ್ತು ಕೊನೆಯ ಸಾಲು ಮುಗಿಸಿ, ಹೊದ್ದುಕೊಂಡು ಕನ್ನಡಿ ಮುಂದೆ ನಿಂತಿದ್ದೆ. ಬಾಗಿಲಲ್ಲಿ ಅತ್ತೆ.

"ಅಯ್ಯೋ, ನಮ್ಮಮ್ಮ ಹೊದೀತಿದ್ದಿದ್ದು ಇದೇ ಬಣ್ಣ ಕಣೇ! ನಿಂಗೆ ಹೆಂಗೆ ಗೊತ್ತಾಯ್ತು? ನನಗೇ ಅಂತ ಹೆಣೆದ್ಯಾ?"

ಅವರ ಕಣ್ಣು ತುಂಬಿತ್ತು. ಹೂಂ ಅಂದುಬಿಟ್ಟೆ.

ಅದನ್ನೇ ಹೊದ್ದು ಮಲಗಿದ್ದಾರೆ. ಹೆಣಿಗೆ ತಪ್ಪಿದರೆ ತಪ್ಪಿದ ಸಾಲಿನವರೆಗೆ ಬಿಚ್ಚಬಹುದು. ನನ್ನ ಹೂಂಗಳನ್ನು ಎಲ್ಲಿಯವರೆಗೆ ಬಿಚ್ಚಲಿ? ಮೊದಲನೆಯದು, ಇವರನ್ನು ಮದುವೆಯಾಗುತ್ತೀಯಾ ಎಂದು ಅಪ್ಪ ಕೇಳಿದಾಗ ಅಂದದ್ದು. ಅಷ್ಟು ಹಿಂದಕ್ಕೆ ಬಿಚ್ಚುತ್ತಾ ಹೋದರೆ ಕೈಯಲ್ಲಿ ಬರೀ ನೂಲು ಉಳಿಯುತ್ತದೆ.